ಹಿತ್ತಾಳೆಯ ಚಿಗುರು

ಹೋದ ತಿಂಗಳು ಪೀಣ್ಯದ ಒಳರಸ್ತೆಯೊಂದರಲ್ಲಿ ನಾನು ಕೂತಿದ್ದ ಆಟೋ ನಿಂತುಬಿಟ್ಟಿತು. ಮುಂದೆ ಲಾರಿಯೊಂದು ಹಿಂದಹಿಂದಕ್ಕೆ ಬರುತ್ತಿತ್ತು. ಪಕ್ಕದ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಕಾದ ಲೋಹದ ಮೇಲೆ ಅದನ್ನು ತಣಿಸುವ ಹಾಲಿನಂಥ ಬಿಳಿ ಕೂಲೆಂಟ್ ಬಿದ್ದಾಗ ಏಳುವ ವಾಸನೆ ಅಲ್ಲಿಂದ ಬಂತು. ಸ್ವಲ್ಪ ಹುಳಿ, ಸ್ವಲ್ಪ ಎಣ್ಣೆ, ಹಿಂದೆಯೇ ಸಣ್ಣ ಘಾಟು. ಆಟೋದವನು ಮೂಗು ಮುರಿದ. ನಾನು ಉಸಿರು ಒಳಗೆಳೆದುಕೊಂಡೆ. ಲಾರಿ ಸರಿದು ದಾರಿಯಾದ ಮೇಲೂ "ಒಂದ್ ನಿಮಿಷ ತಡೀರಿ" ಅಂದೆ.

"ಏನಾದ್ರೂ ಬಿತ್ತಾ ಮೇಡಂ?" ಎಂದು ಅವನು ಹಿಂದೆ ತಿರುಗಿ ನೋಡಿದ.

ಏನೂ ಬಿದ್ದಿರಲಿಲ್ಲ. ತೊಂಬತ್ತರ ದಶಕದ ಒಂದು ಯುಗಾದಿ ನೆನಪಾಗಿತ್ತು.

ನಾನಾಗ ದಾವಣಗೆರೆಯಿಂದ ಬೆಂಗಳೂರಿಗೆ ಬಂದು ವರ್ಷ ತುಂಬಿರಲಿಲ್ಲ. ದಾಸರಹಳ್ಳಿಯಲ್ಲಿ ಅಕ್ಕ, ಭಾವನ ಜೊತೆ ಇದ್ದೆ. ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯ ವೆಲ್‌ಫೇರ್ ಸೆಕ್ಷನ್ನಿನಲ್ಲಿ ಅಸಿಸ್ಟೆಂಟ್ ಆಗಿ ಸೇರಿದ್ದೆ. ಹಿತ್ತಾಳೆ ಮತ್ತು ಕಂಚಿನ ವಾಲ್ವು, ಬುಷ್ ಮಾಡುವ ಕಾರ್ಖಾನೆ. ಕೆಲಸಗಾರರ ಯೂನಿಫಾರ್ಮ್ ಅಳತೆ ಬರೆದುಕೊಳ್ಳುವುದು, ಸೋಪು ಹಂಚುವುದು, ಕ್ಯಾಂಟೀನಿನ ಸಾಂಬಾರಿನ ಬಗ್ಗೆ ಬಂದ ದೂರನ್ನು ಕ್ಯಾಂಟೀನಿನವರಿಗೆ ಮುಟ್ಟಿಸುವುದು, ಪರ್ಸನೆಲ್ ಸೆಕ್ಷನ್ನಿನ ಕಾಗದಗಳನ್ನು ಟೈಪ್ ಮಾಡುವುದು, ಇವು ನನ್ನ ಕೆಲಸ. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಮೇಲಿನವರಿಗೆ ನನ್ನ ಕೆಲಸ ಹಿಡಿಸಿದರೆ ಮಾತ್ರ ನೌಕರಿ ಖಾಯಂ.

ನನಗೆ ಚಿಕ್ಕಂದಿನಿಂದ ಒಂದು ಚಟ. ದಾರಿಯಲ್ಲಿ ಹೋಗುವಾಗ ತೆರೆದ ಬಾಗಿಲು ಕಂಡರೆ ಒಳಗೆ ಇಣುಕಬೇಕು. ಯಾವ ಮೂಲೆಯಲ್ಲಿ ಏನಿಟ್ಟಿದ್ದಾರೆ, ಗೋಡೆಗೆ ಏನು ನೇತುಹಾಕಿದ್ದಾರೆ, ಕನ್ನಡಿ ಯಾವ ಎತ್ತರದಲ್ಲಿದೆ ಎಂದು ನೋಡಬೇಕು. "ಹಂಗ್ ನೋಡಬ್ಯಾಡ, ಕಳ್ಳಿ ಅಂದಾರು" ಎಂದು ಅವ್ವ ಕೈ ಜಗ್ಗುತ್ತಿದ್ದಳು. ಅಂಥ ನನಗೆ ಆ ವರ್ಷ ಮಾರ್ಚಿನಲ್ಲಿ ಕಂಪನಿಯೇ ಮನೆಮನೆಗೆ ಹೋಗಿ ನೋಡಿ ಬಾ ಎಂದು ಹೇಳಿತು.

ಅದು ಆದದ್ದು ಹೀಗೆ. ನಮ್ಮ ಎಂ.ಡಿ.ಯವರ ಹೆಂಡತಿ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಲೇಖನ ಓದಿದ್ದರು. ವಸಂತ ಬಂತು, ಹೊಸದೇನೂ ಕೊಳ್ಳದೆ ಮನೆಯಲ್ಲಿರುವ ವಸ್ತುಗಳಿಂದಲೇ ಮನೆಯನ್ನು ಸಿಂಗರಿಸುವುದು ಹೇಗೆ ಎಂಬ ಲೇಖನ. ಯುಗಾದಿಗೆ ಕೆಲಸಗಾರರ ಮನೆಗಳಿಗೂ ಅಂಥದೊಂದು ಸ್ಪರ್ಧೆ ಇಡೋಣ ಎಂದು ಅವರಿಗೆ ಅನ್ನಿಸಿತು. ನಮ್ಮ ವೆಲ್‌ಫೇರ್ ಆಫೀಸರ್ ಪ್ರಭಾಕರ್ ಸಾರ್ ಆ ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, "ನೋಡಮ್ಮಾ ಗಿರಿಜಾ, ಪೀಣ್ಯಕ್ಕೆ ವಸಂತ ಬಂದಿದೆಯಂತೆ" ಎಂದು ಕಿಟಕಿ ಕಡೆ ಕೈ ತೋರಿಸಿದರು. ಹೊರಗೆ ಧೂಳು. ಧೂಳಿನ ನಡುವೆ ಸೈಕಲ್ ಸ್ಟ್ಯಾಂಡಿನ ಪಕ್ಕದ ಹೊಂಗೆ ಮರ ಮಾತ್ರ ಆಗಷ್ಟೇ ಎಣ್ಣೆ ಹಚ್ಚಿದ ಹಾಗೆ ಹೊಸ ಎಲೆ ಬಿಟ್ಟು ನಿಂತಿತ್ತು.

ನೋಟಿಸನ್ನು ನಾನೇ ಬರೆದು ಕ್ಯಾಂಟೀನಿನ ಬೋರ್ಡಿಗೆ ಅಂಟಿಸಿದೆ. ಮನೆಯಲ್ಲಿ ಈಗಾಗಲೇ ಇರುವುದನ್ನೇ ಬಳಸಬೇಕು, ಹೊಸದಾಗಿ ಏನೂ ತರುವಂತಿಲ್ಲ. ಊಟಕ್ಕೆ ಬಂದ ಕೆಲಸಗಾರರು ಓದಿ ನಕ್ಕರು.

"ನಮ್ಮನೇಲಿ ಇರೋದು ನಾನು, ನನ್ ಹೆಂಡ್ತಿ ಮೇಡಂ. ಇಬ್ರನ್ನೂ ಗೋಡೆಗೆ ನೇತಾಕ್ಲಾ?" ಎಂದು ಒಬ್ಬ ಕೇಳಿದ.

"ಹೆಂಡ್ತೀನ ಬೇಡ ಗುರು, ನಿನ್ ಒಬ್ಬನ್ನೇ ನೇತಾಕು, ಮನೆ ತಾನಾಗೇ ಚೆಂದ ಕಾಣತ್ತೆ" ಎಂದ ಇನ್ನೊಬ್ಬ.

ಕೊನೆಗೆ ಬಂದ ಹೆಸರು ಏಳು. ಅದರಲ್ಲಿ ಒಂದು ಚೀಟಿ ನೋಡಿ ಪ್ರಭಾಕರ್ ಸಾರ್ ಹುಬ್ಬೇರಿಸಿದರು. ಲೇತ್ ವಿಭಾಗದ ಗಂಗಣ್ಣನದು. ಮಾದನಾಯಕನಹಳ್ಳಿಯವನು, ಅಲ್ಲೇ ಹುಟ್ಟಿ ಬೆಳೆದ ಮನೆತನ. ಒಂಬತ್ತು ವರ್ಷದಿಂದ ಅದೇ ಲೇತಿನ ಮುಂದೆ ನಿಂತವನು. ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಕಂಚು ಹೆರೆಯುವುದೇ ಸುಲಭ ಎಂದು ಸೂಪರ್‌ವೈಸರುಗಳು ಹೇಳುತ್ತಿದ್ದರು. ಚೀಟಿಯ ಮೇಲಿನ ಅಕ್ಷರ ಅವನದಲ್ಲ, ದುಂಡಗೆ ಬಿಡಿಸಿ ಬರೆದ ಹೆಣ್ಣಕ್ಷರ.

ನಾನು ಏಳೂ ಮನೆಗೆ ಹೋದೆ. ಆ ವಾರದಷ್ಟು ಸಂತೋಷ ಆ ಕೆಲಸದಲ್ಲಿ ನನಗೆ ಮತ್ತೆಂದೂ ಸಿಗಲಿಲ್ಲ. ಗದಗಿನ ಕಡೆಯ ಇನ್‌ಸ್ಪೆಕ್ಟರ್ ಒಬ್ಬರ ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಗೋಡೆ ತುಂಬ ಹರಡಿತ್ತು. ಅದರ ಚೌಕಗಳಲ್ಲಿ ಯಾವುದು ಯಾರ ಸೀರೆಯದು, ಯಾರ ಅಂಗಿಯದು ಎಂದು ಅವರ ಹೆಂಡತಿ ಒಂದೊಂದಾಗಿ ತೋರಿಸಿದರು. ಫಿಟ್ಟರ್ ಒಬ್ಬನ ಮನೆಯಲ್ಲಿ ಪರದೆಗಳು ತುಂಬ ಚೆನ್ನಾಗಿದ್ದವು, ಅಂಚಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಅವನ ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಇನ್ನೊಂದು ಕಡೆ ಮದುವೆಯಲ್ಲಿ ಬಂದ ಹನ್ನೊಂದು ಗೋಡೆ ಗಡಿಯಾರಗಳನ್ನು ಸಾಲಾಗಿ ತೂಗುಹಾಕಿದ್ದರು. ಒಂದೂ ಓಡುತ್ತಿರಲಿಲ್ಲ.

ಗಂಗಣ್ಣನ ಮನೆಗೆ ಕೊನೆಗೆ ಹೋದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ತುಮಕೂರು ರಸ್ತೆಯಲ್ಲಿ ಬಸ್ಸಿಳಿದು, ಹೊಸದಾಗಿ ಎದ್ದಿದ್ದ ಗೋಡೌನುಗಳ ಹಿಂದೆ ರಾಗಿ ಕೊಯ್ದ ಹೊಲದ ಬದುವಿನ ಮೇಲೆ ನಡೆದೆ. ಪೂರ್ವಕ್ಕೆ ಮುಖ ಮಾಡಿದ ಹೆಂಚಿನ ಮನೆ. ಇನ್ನೂ ಇಪ್ಪತ್ತು ಹೆಜ್ಜೆ ದೂರವಿದ್ದಾಗಲೇ ಬಾಗಿಲ ಮೇಲೆ ಏನೋ ಹೊತ್ತಿಕೊಂಡ ಹಾಗೆ ಕಂಡಿತು. ನಾನು ನಿಂತೆ. ಬಿಸಿಲು ನೇರ ಬಾಗಿಲಿಗೆ ಬೀಳುತ್ತಿತ್ತು. ಅಲ್ಲಿ ಒಂದು ತೋರಣ ತೂಗುತ್ತಿತ್ತು. ಆಕಾರ ಮಾವಿನೆಲೆಯದೇ. ಆದರೆ ಅಷ್ಟು ಹೊಳೆಯುವ ಮಾವಿನೆಲೆಯನ್ನು ನಾನು ನೋಡಿರಲಿಲ್ಲ.

ಹತ್ತಿರ ಹೋಗಿ ಕತ್ತೆತ್ತಿ ನೋಡಿದೆ. ಹಳೆಯ ನೀಲಿ ಯೂನಿಫಾರ್ಮಿನ ಬಟ್ಟೆಯನ್ನು ಎಲೆಯಾಗಿ ಕತ್ತರಿಸಿ, ಗಂಜಿ ಹಾಕಿ ಗಟ್ಟಿ ಮಾಡಿದ್ದರು. ಅದರ ಮೇಲೆ ಒತ್ತೊತ್ತಾಗಿ ಲೋಹದ ಸಣ್ಣ ಸಣ್ಣ ಚೂರುಗಳನ್ನು ಅಂಟಿಸಿದ್ದರು. ನಡುವಿನ ನರ ಹಳದಿ ಹಿತ್ತಾಳೆಯದು, ಅಂಚು ಕೆಂಪು ಕಂಚಿನದು. ಒಂದೊಂದು ಚೂರೂ ಎಳ್ಳಿಗಿಂತ ಸ್ವಲ್ಪ ಉದ್ದ, ಅಷ್ಟೆ. ಇಪ್ಪತ್ತೊಂದು ಎಲೆಗಳಿದ್ದವು.

ಗಂಗಣ್ಣನ ಹೆಂಡತಿ ಜಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೂವತ್ತರ ಆಸುಪಾಸಿನ, ತೆಳ್ಳಗಿನ ಹೆಂಗಸು.

"ಮಾವಿನ ಎಲೆ ಹಸಿರಲ್ವಾ ಜಯಮ್ಮೋರೆ? ಇದಕ್ಯಾಕೆ ಕೆಂಪು?" ಎಂದು ಕೇಳಿದೆ.

"ಬಲ್ತ ಮ್ಯಾಲೆ ಅಸಿರು ಮೇಡಂ. ಚಿಗುರು ಒಡ್ದಾಗ ನೋಡಿಲ್ವಾ? ತಾಮ್ರದ ಚೆಂಬು ಬೆಳ್ಗಿದಂಗೆ ಇರ್ತದೆ. ನಾ ಮಾಡಿರಾದು ಎಲೆ ಅಲ್ಲ, ಚಿಗುರು."

ಬದುವಿನ ಮಾವಿನ ಮರದ ಕಡೆ ತಿರುಗಿದೆ. ನಿಜ. ತುದಿಯ ಎಲೆಗಳೆಲ್ಲ ಅದೇ ಬಣ್ಣ. ಇಪ್ಪತ್ತಮೂರು ವರ್ಷ ಮಾವಿನ ಮರ ನೋಡಿಕೊಂಡೇ ಬೆಳೆದಿದ್ದೆ, ಇದನ್ನು ನೋಡಿರಲಿಲ್ಲ.

"ಈ ಚೂರೆಲ್ಲ ಎಲ್ಲಿಂದ ಬಂತು?"

ಅವಳು ನನ್ನನ್ನು ಒಳಗೆ ಕೂರಿಸಿ, ಮಜ್ಜಿಗೆ ಕೊಟ್ಟು ಹೇಳಿದಳು. ಮಗಳು ಮಂಗಳ ಅಂಬೆಗಾಲಿಡುತ್ತಿದ್ದಾಗ ಒಂದು ಸಂಜೆ ಕಿರುಚಿಕೊಂಡು ಅತ್ತಿದ್ದಳು. ಏನೆಂದು ತಿಳಿಯಲಿಲ್ಲ. ಮಾರನೇ ದಿನ ಮಂಡಿ ಊದಿತು. ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿಯಿಂದ ಬಿಡಿಸಿ ತೆಗೆದದ್ದು ಒಂದು ಹಿತ್ತಾಳೆ ಸಿಬಿರು. ಲೇತಿನಲ್ಲಿ ಹೆರೆದಾಗ ಹಾರುವ ಚೂರು ಗಂಡನ ಪ್ಯಾಂಟಿನ ಮಡಿಕೆಯಲ್ಲಿ, ಜೇಬಿನಲ್ಲಿ, ಬೂಟಿನ ತಳದಲ್ಲಿ ಕೂತು ಮನೆಗೆ ಬರುತ್ತಿತ್ತು. ಅವತ್ತಿನಿಂದ ಗಂಡ ಬಟ್ಟೆ ಬದಲಿಸಿದ ಜಾಗದಿಂದಲೂ ಆ ಬಟ್ಟೆಯಿಂದಲೂ ಚೂರು ಆರಿಸುವುದು ಜಯಮ್ಮನ ದಿನದ ಕೆಲಸವಾಯಿತು.

"ಪೊರಕೇಲಿ ಗುಡಿಸಿದ್ರೆ ಓಗಾಕಿಲ್ಲ ಮೇಡಂ. ಗೋದಿ ಇಟ್ಟು ಕಲ್ಸಿ ಉಂಡೆ ಮಾಡಿ ಒತ್ತಬೇಕು, ಎಲ್ಲಾ ಅಂಟ್ಕತ್ತದೆ. ರಾಗಿ ಇಟ್ನಲ್ಲೂ ಮಾಡಿ ನೋಡ್ದೆ, ಅದು ಇಡಿಯಾಕಿಲ್ಲ. ಆಮ್ಯಾಕೆ ಉಂಡೆ ನೀರಿಗೆ ಆಕಿದ್ರೆ ಇಟ್ಟು ಕರಗ್ತದೆ, ಚೂರು ತಳಕ್ಕೆ ಕೂರ್ತದೆ."

"ಆ ಚೂರನ್ನ ಎಸೀಲಿಲ್ವಾ?"

"ಎಲ್ಲಿಗೆ ಎಸೀಲಿ? ಬೀದಿಗಾಕಿದ್ರೆ ಇನ್ಯಾವ್ದೋ ಮಗೀನ ಕಾಲ್ಗೆ ಚುಚ್ತದೆ. ತಿಪ್ಪೆಗಾಕಿದ್ರೆ ದನ ತಿಂದಾವು. ಅದಕ್ಕೇ ಡಬ್ಬಕ್ಕೆ ಆಕಿ ಮುಚ್ಚಿಡ್ತಾ ಬಂದೆ. ನೀವು ಮನೇಲಿ ಇರಾದ್ರಾಗೇ ಮಾಡ್ಬೇಕು ಅಂದ್ರಂತಲ್ಲ. ಮನೇಲೆಲ್ಲಾ ಉಡುಕಿದೆ. ಈ ಡಬ್ಬ ಬುಟ್ರೆ ನಮ್ಮನೇಲಿ ಒಳೆಯಾದು ಬ್ಯಾರೆ ಇರ್ಲಿಲ್ಲ."

ಗಂಡನಿಗೆ ಇದು ಗೊತ್ತೇ ಎಂದು ಕೇಳಿದೆ. ಅವಳು ನಕ್ಕಳು. ಡಬ್ಬ ತೆರೆದು ತೋರಿಸಿದಾಗ ಗಂಗಣ್ಣ ಬಹಳ ಹೊತ್ತು ಅದರೊಳಗೆ ಬೆರಳಾಡಿಸುತ್ತಲೇ ಇದ್ದನಂತೆ.

ಆಫೀಸಿಗೆ ಬಂದವಳೇ ವರದಿ ಬರೆಯಲು ಕೂತೆ. ಎಂ.ಡಿ.ಯವರ ಹೆಂಡತಿಗೆ ಹೋಗಬೇಕಾದದ್ದು, ಆದ್ದರಿಂದ ಇಂಗ್ಲಿಷಿನಲ್ಲಿ. ಮೂರು ಪುಟವಾಯಿತು, ಅದರಲ್ಲಿ ಎರಡು ಪುಟ ಜಯಮ್ಮನೇ. ಪ್ರಭಾಕರ್ ಸಾರ್ ಹಾಳೆ ತಿರುವಿ, "ಒಂದೇ ಪುಟ ಇರಲಿ ಕಣಮ್ಮಾ. ಇಷ್ಟೆಲ್ಲ ಯಾರು ಓದ್ತಾರೆ?" ಎಂದರು. ಹಿಟ್ಟಿನ ಉಂಡೆ ಹೋಯಿತು, ಮಗುವಿನ ಮಂಡಿ ಹೋಯಿತು. ಅವೆಲ್ಲದರ ಬದಲಿಗೆ ಒಂದು ಸಾಲು ಬರೆದೆ. ಕಾಲೇಜಿನ ಇಂಗ್ಲಿಷ್ ನನ್ನದು. 'ಕಲೆಕ್ಟ್' ಎಂಬ ಮಾತು ಚೆನ್ನಾಗಿ ಕಂಡಿತು. ಜಯಮ್ಮ ಒಂಬತ್ತು ವರ್ಷಗಳಿಂದ ಕಾರ್ಖಾನೆಯಿಂದ ಹಿತ್ತಾಳೆ ಸಂಗ್ರಹಿಸುತ್ತ ಬಂದಿದ್ದಾರೆ ಎಂಬ ಅರ್ಥ ಬರುವ ಸಾಲು. ಬರೆದು, ಮೊದಲ ಬಹುಮಾನಕ್ಕೆ ಅವರ ಹೆಸರು ಸೂಚಿಸಿ, ಹೆಮ್ಮೆಯಿಂದ ಕೆಳಗೆ ಸಹಿ ಹಾಕಿದೆ.

ಆ ವರ್ಷ ನಮ್ಮಲ್ಲಿ ಹಿತ್ತಾಳೆ ಕಳುವಾಗುತ್ತಿತ್ತು. ಹಿಂದಿನ ತಿಂಗಳಷ್ಟೇ ಇಬ್ಬರು ಊಟದ ಡಬ್ಬಿಯಲ್ಲಿ ತುಂಡುಗಳನ್ನಿಟ್ಟುಕೊಂಡು ಗೇಟಿನಲ್ಲಿ ಸಿಕ್ಕಿಬಿದ್ದಿದ್ದರು. ನನ್ನ ಒಂದು ಪುಟ ಎಂ.ಡಿ.ಯವರ ಮನೆಗೆ ಹೋಗುವ ಮೊದಲು ಫ್ಯಾಕ್ಟರಿ ಮ್ಯಾನೇಜರ ಮೇಜಿಗೆ ಹೋಯಿತು. ಅಲ್ಲಿಂದ ಸೆಕ್ಯೂರಿಟಿ ಆಫೀಸರ ಕೈಗೆ ಹೋಯಿತು. ಎರಡನೇ ದಿನ ಪ್ರಭಾಕರ್ ಸಾರ್ ಒಂದು ಚೀಟಿಯನ್ನು ನನ್ನ ಮುಂದಿಟ್ಟು ಬೇರೆ ಕಡೆ ನೋಡುತ್ತ, "ಇದನ್ನ ಟೈಪ್ ಮಾಡಿಬಿಡು" ಎಂದರು. ಕಂಪನಿಯ ಸ್ವತ್ತನ್ನು ಅನುಮತಿಯಿಲ್ಲದೆ ಹೊರಗೆ ಸಾಗಿಸಿದ್ದಕ್ಕೆ ನಿಮ್ಮನ್ನು ಯಾಕೆ ಕೆಲಸದಿಂದ ತೆಗೆಯಬಾರದು ಎಂದು ಗಂಗಣ್ಣನನ್ನು ಕೇಳುವ ನೋಟಿಸ್. ಅದರ ನಡುವೆ ನನ್ನ ಸಾಲೇ ಇತ್ತು, ಒಂದಕ್ಷರವೂ ಬದಲಾಗದೆ.

"ಸಾರ್, ಅದು ಹಂಗಲ್ಲ..." ಎಂದೆ.

"ಹೆಂಗೇ ಇರ್ಲಿ, ಬರೆದಿರೋದು ಹಿಂಗಿದೆಯಲ್ಲ. ಈಗ ನೀನು ಮಧ್ಯ ಹೋದ್ರೆ ನಿನ್ನ ಪ್ರೊಬೇಷನ್ ಕಥೆ ಏನಾಗತ್ತೋ ನಂಗೊತ್ತಿಲ್ಲ. ವಿಚಾರಣೆ ಇರತ್ತೆ, ಅವನೇ ಹೇಳ್ಕೊಳ್ಳಲಿ."

ನಾನು ಟೈಪ್ ಮಾಡಿದೆ. ಬೆರಳು ತಪ್ಪಿ ಎರಡು ಹಾಳೆ ಹಾಳಾದವು.

ಗಂಗಣ್ಣನನ್ನು ಲೇತಿನಿಂದ ಎಬ್ಬಿಸಿ ಹಾಜರಿ ಬರೆಯುವ ಟೈಮ್ ಆಫೀಸಿನ ಬೆಂಚಿನ ಮೇಲೆ ಕೂರಿಸಿದರು. ದಿನವಿಡೀ ಕೂರಬೇಕು, ಕೆಲಸವಿಲ್ಲ. ನಾಲ್ಕು ದಿನ ಅವನು ಹಾಗೆ ಕೂತ. ಉತ್ತರವಾಗಿ 'ನಾನು ಕದ್ದಿಲ್ಲ' ಎಂಬ ಎರಡೇ ಮಾತು ಬರೆದುಕೊಟ್ಟಿದ್ದ. ಎರಡನೇ ದಿನ ಬೆಳಿಗ್ಗೆಯೇ ತೋರಣವನ್ನು ಬಿಚ್ಚಿ ಚೀಲದಲ್ಲಿ ತುಂಬಿ ತಂದು ಸೆಕ್ಯೂರಿಟಿಯವರ ಮೇಜಿನ ಮೇಲೆ ಸುರಿದಿದ್ದನಂತೆ. ಹಿಂದಿನ ಕಳ್ಳತನ ಸಾಬೀತಾಗಿದ್ದರಿಂದ ಯೂನಿಯನ್ನಿನವರೂ ಇದರಲ್ಲಿ ಗಟ್ಟಿಯಾಗಿ ಮಾತಾಡಲು ಹಿಂದೇಟು ಹಾಕಿದರು.

ಮೂರನೇ ದಿನ ನಾನು ಬೆಂಚಿನ ಹತ್ತಿರ ಹೋದೆ. ಊಟದ ಹೊತ್ತು. ಅವನ ಡಬ್ಬಿ ತೆರೆದಿರಲಿಲ್ಲ.

"ಗಂಗಣ್ಣ, ನಾನು ಚೆನ್ನಾಗಿ ಆಗ್ಲಿ ಅಂತ ಬರೆದೆ..."

"ನೀವು ಬರ್ದಿದ್ದು ಸುಳ್ಳಲ್ವಲ್ಲ ಮೇಡಂ. ತೋರಣ ಚೆಂದಾಗಿತ್ತು ಅಂತ ತಾನೇ ಬರ್ದಿದ್ದು? ಬುಡಿ."

ನನ್ನ ಸಾಲು ಏನೆಂದು ಅವನಿಗೆ ಗೊತ್ತಿರಲಿಲ್ಲ. ನೋಟಿಸ್ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೈಗೆ ಕೊಟ್ಟವರು, ಕಳ್ಳತನದ ಆರೋಪ ಎಂದಷ್ಟೇ ಬಾಯಲ್ಲಿ ಹೇಳಿದ್ದರು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಸಂಜೆ ಬಸ್ಸು ಹಿಡಿದು ಮಾದನಾಯಕನಹಳ್ಳಿಗೆ ಹೋದೆ.

ಜಯಮ್ಮ ಅಂಗಳದಲ್ಲಿ ಬಟ್ಟೆ ಮಡಚುತ್ತಿದ್ದಳು. ಬಾಗಿಲ ಮೇಲೆ ಬರಿಯ ಎರಡು ಮೊಳೆ ಉಳಿದಿದ್ದವು. ನನ್ನನ್ನು ಕಂಡು ಬೈಯಲಿಲ್ಲ, ಕೂರಿ ಎನ್ನಲೂ ಇಲ್ಲ.

"ನಾಳೆ ವಿಚಾರಣೆ. ನೀವು ಬಂದು ಹೇಳ್ಬೇಕು" ಎಂದೆ.

"ನಾನೇನಂತ ಏಳ್ಲಿ? ಇತ್ತಾಳೆ ನಮ್ಮನೇಲಿ ಇದ್ದಿದ್ದು ನಿಜ ತಾನೇ?"

"ಬಟ್ಟೇಲಿ ಬಂತು ಅಂತ ಹೇಳಿ."

"ನಂಬ್ತಾರಾ ಮೇಡಂ? ಡಬ್ಬದ ತುಂಬಾ ಬಟ್ಟೇಲಿ ಬಂತು ಅಂದ್ರೆ ನೀವಾಗಿದ್ರೆ ನಂಬ್ತಿದ್ರಾ?"

ಅವಳು ಮಡಚಿದ ಬಟ್ಟೆಯನ್ನು ಒಳಗಿಟ್ಟು ಬಂದಳು. ಆಮೇಲೆ, "ಬರ್ತೀನಿ. ಗೇಟ್ನಾಗೆ ಬುಡಾಕಿಲ್ಲ ಅಂತಾರಲ್ಲ, ಅದನ್ನ ನೀವ್ ನೋಡ್ಕಳಿ" ಎಂದಳು.

ಕೆಲಸಗಾರರ ಮನೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಸಂದರ್ಶಕರ ಪುಸ್ತಕದಲ್ಲಿ, ಯಾರನ್ನು ಕಾಣಬೇಕು ಎಂಬ ಕಡೆ ನನ್ನ ಹೆಸರು ಬರೆದು, ಸಹಿ ಹಾಕಿ ಅವಳನ್ನು ಕರೆದುಕೊಂಡು ಬಂದೆ. ಆ ಇಡೀ ಪ್ರಕರಣದಲ್ಲಿ ನಾನು ತೋರಿಸಿದ ಧೈರ್ಯ ಅಷ್ಟೇ. ಅವಳ ಕೈಯಲ್ಲೊಂದು ಸ್ಟೀಲ್ ಡಬ್ಬಿ ಇತ್ತು. ಗಂಡನಿಗೆ ಊಟವಿರಬಹುದು ಎಂದುಕೊಂಡೆ.

ವಿಚಾರಣೆ ಕಾನ್ಫರೆನ್ಸ್ ರೂಮಿನಲ್ಲಿ ನಡೆಯಿತು. ಉದ್ದ ಮೇಜು, ಕೆಳಗೆ ಹಸಿರು ಕಾರ್ಪೆಟ್. ಮ್ಯಾನೇಜರ್ ಸಾಹೇಬರು ನಡುವೆ ಕೂತಿದ್ದರು. ಶಾಪ್‌ನಲ್ಲಿ ಲೇತುಗಳ ನಡುವೆ ದಿನಕ್ಕೆರಡು ಸಲ ಸುತ್ತುವ, ಕಟ್ಟುನಿಟ್ಟಿನ ಮನುಷ್ಯ. ಪಕ್ಕದಲ್ಲಿ ಸೆಕ್ಯೂರಿಟಿ ಆಫೀಸರ್, ಈ ಕಡೆ ಪ್ರಭಾಕರ್ ಸಾರ್. ಮೇಜಿನ ಮೇಲೆ ಮುದುರಿಹೋದ ತೋರಣ. ಗಂಗಣ್ಣ ನಿಂತಿದ್ದ. ಹೆಂಡತಿ ಬಂದದ್ದು ನೋಡಿ ಅವನ ಮುಖ ಕಪ್ಪಿಟ್ಟಿತು.

"ನೀನ್ಯಾಕೆ ಬಂದೆ?" ಎಂದ ಮೆಲ್ಲಗೆ.

ಮ್ಯಾನೇಜರು ನನ್ನ ಹಾಳೆ ಎತ್ತಿ ಹಿಡಿದು, "ಗಿರಿಜಾ, ಇದು ನೀವು ಬರೆದ ವಾಕ್ಯವೇ ತಾನೇ?" ಎಂದು ಕೇಳಿದರು.

"ಹೌದು ಸಾರ್."

ಅದಾದ ಮೇಲೆ ಇನ್ನೊಂದು ಮಾತು ಹೇಳಬೇಕಿತ್ತು. ಅದು ತಪ್ಪು ವಾಕ್ಯ ಸಾರ್, ನನ್ನ ತಪ್ಪು. ಅಕ್ಕ ನೆನಪಾದಳು, ಖಾಯಮಾದ ಮೇಲೆ ದುಡ್ಡು ಕಳಿಸುತ್ತೇನೆಂದು ಅವ್ವನಿಗೆ ಬರೆದ ಕಾಗದ ನೆನಪಾಯಿತು. ಮ್ಯಾನೇಜರು ಹಾಳೆ ಕೆಳಗಿಟ್ಟರು. ಮಾತಾಡುವ ಗಳಿಗೆ ದಾಟಿಹೋಯಿತು.

ಜಯಮ್ಮ ಕೇಳಿದಳು, "ಸಾರ್, ನಾನೊಂದ್ ಕೆಲ್ಸ ಮಾಡ್ಲಾ ಇಲ್ಲಿ?"

"ಏನು ಕೆಲಸ?"

ಅವಳು ಡಬ್ಬಿ ತೆರೆದು ನಿಂಬೆ ಗಾತ್ರದ ಗೋಧಿ ಹಿಟ್ಟಿನ ಉಂಡೆಯೊಂದನ್ನು ತೆಗೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದಳು. ಮ್ಯಾನೇಜರ ಕುರ್ಚಿಯ ಮುಂದೆ, ಅವರ ಬೂಟು ದಿನವೂ ಊರುವ ಜಾಗದಲ್ಲಿ, ಆ ಉಂಡೆಯನ್ನು ಕಾರ್ಪೆಟ್ಟಿಗೆ ಒತ್ತಿ ಎತ್ತಿದಳು. ಮತ್ತೆ ಒತ್ತಿದಳು, ಎತ್ತಿದಳು. ಚಪಾತಿ ಹಿಟ್ಟು ನಾದುವವಳ ಹಾಗೆ, ಯಾವ ಆತುರವೂ ಇಲ್ಲದೆ ಒಂದು ಮೊಳದಷ್ಟು ಜಾಗ ಮುಗಿಸಿದಳು. ಗಂಗಣ್ಣ ಬೇರೆ ಕಡೆ ಮುಖ ತಿರುಗಿಸಿದ್ದ. ಸೆಕ್ಯೂರಿಟಿ ಆಫೀಸರ್ ಅರ್ಧ ಎದ್ದು ನಿಂತರು. "ಏಯ್, ಏನಮ್ಮಾ ಇದು..."

"ಇರಲಿ" ಎಂದರು ಮ್ಯಾನೇಜರು.

ಜಯಮ್ಮ ಎದ್ದು ಆ ಉಂಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮೈ ತುಂಬ ಹಿತ್ತಾಳೆ. ಕಂಚಿನ ಕೆಂಪು ಚೂರುಗಳೂ ಇದ್ದವು. ಅದನ್ನು ತೋರಣದ ಪಕ್ಕದಲ್ಲಿಟ್ಟಳು. ಎರಡರಲ್ಲೂ ಅದೇ ಎಳ್ಳಿನ ಗಾತ್ರದ ಚೂರು.

"ಇದು ಒಂದ್ ಉಂಡೆ ಸಾರ್. ಇಲ್ಲಿ ನೀವು ಲೇತ್ ಓಡಿಸಾಕಿಲ್ಲ. ಸುಮ್ಕೆ ಶಾಪ್ನಾಗೆ ಓಡಾಡಿ ಬರ್ತೀರಿ. ಇದನ್ನೂ ಯಾರಾದ್ರೂ ಕದ್ದು ತಂದಾಕಿದ್ರಾ? ನಮ್ಮನೆಯವ್ರು ದಿನಾ ಎಂಟ್ ಗಂಟೆ ಅದ್ರ ಮುಂದೆ ನಿಂತಿರ್ತಾರೆ."

ಮ್ಯಾನೇಜರು ಕೈ ಚಾಚಿ ಉಂಡೆಯನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಬೂಟಿನ ತಳವನ್ನು ಎತ್ತಿ ನೋಡಿದರು. ತೋರಣದ ಒಂದು ಎಲೆಯನ್ನು ಹತ್ತಿರಕ್ಕೆಳೆದು, "ಕದಿಯೋನು ಸ್ಕ್ರ್ಯಾಪ್ ಬಿನ್ನಿನಿಂದ ದೊಡ್ಡ ತುಂಡುಗಳನ್ನೇ ತಗೊಂಡು ಹೋಗ್ತಿದ್ದ, ಈ ಹುಡಿ ಯಾಕೆ ತಗೊಳ್ತಾನೆ?" ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಮಗುವಿಗೆ ಚುಚ್ಚಿದ ಕಥೆಯನ್ನು ಜಯಮ್ಮನಿಂದ ಕೇಳಿ ತಿಳಿದುಕೊಂಡರು. ಕೊನೆಗೆ ಗಂಗಣ್ಣನ ಕಡೆ ತಿರುಗಿ, "ಇದನ್ನ ಬರೆದುಕೊಡೋಕೆ ನಿಂಗೇನಾಗಿತ್ತಯ್ಯಾ?" ಎಂದರು.

"ಎಂಡ್ತಿ ಬಟ್ಟೇಲಿ ಚೂರು ಆರಿಸ್ತಾಳೆ ಅಂತ ಅರ್ಜೀಲಿ ಬರೀಲಾ ಸಾರ್?" ಎಂದ ಗಂಗಣ್ಣ.

ನೋಟಿಸ್ ವಾಪಸಾಯಿತು. ತೋರಣ ಗಂಗಣ್ಣ, ಜಯಮ್ಮನ ಕೈ ಸೇರಿತು. ಆರು ಎಲೆ ಮುರಿದಿದ್ದವು. ಮುಂದಿನ ವಾರದಿಂದಲೇ ಶಾಪ್ ಬಾಗಿಲಲ್ಲಿ ಬಟ್ಟೆ ಒದರಿಕೊಳ್ಳಲು ಬ್ರಶ್ಶು, ಗಾಳಿಯ ಕೊಳವೆ ಇಡಬೇಕೆಂದು ಮ್ಯಾನೇಜರು ಅಲ್ಲೇ ಹೇಳಿದರು. ಸ್ಪರ್ಧೆಯ ಫಲಿತಾಂಶ ಮಾತ್ರ ಬೋರ್ಡಿಗೆ ಬರಲೇ ಇಲ್ಲ. ಎಂ.ಡಿ.ಯವರ ಹೆಂಡತಿ ಅಷ್ಟರಲ್ಲಿ ಯಾವುದೋ ಊರಿಗೆ ಹೋಗಿದ್ದರು.

ವಿಚಾರಣೆಯಾದ ಮೂರನೇ ದಿನ ಯುಗಾದಿ. ಅಕ್ಕನ ಮನೆಯಲ್ಲಿ ಬೇವು ಬೆಲ್ಲ ತಿಂದ ಮೇಲೂ ನನ್ನ ಬಾಯಲ್ಲಿ ಕಹಿಯೇ ನಿಂತಿತು. ಆ ಹಾಳೆಯ ಕಾರ್ಬನ್ ಪ್ರತಿಯನ್ನು ಬ್ಯಾಗಿನಲ್ಲಿ ಮಡಚಿಟ್ಟುಕೊಂಡು ಮಧ್ಯಾಹ್ನ ಮಾದನಾಯಕನಹಳ್ಳಿಗೆ ಹೋದೆ.

ಬಾಗಿಲಿಗೆ ಎಲ್ಲರ ಮನೆಯಂತೆ ಹಸಿ ಮಾವಿನೆಲೆ ಕಟ್ಟಿದ್ದರು. ಉಳಿದ ಹದಿನೈದು ಹಿತ್ತಾಳೆ ಎಲೆಗಳ ತೋರಣ ಒಳಗೆ, ಒಲೆಯ ಮೇಲಿನ ಗೋಡೆಯಲ್ಲಿತ್ತು. ಗಂಗಣ್ಣನೇ ಮೊಳೆ ಹೊಡೆದು ಕಟ್ಟಿದ್ದಂತೆ. ಜಯಮ್ಮ ಎಲೆಯಲ್ಲಿ ಒಬ್ಬಟ್ಟು ಇಟ್ಟು, ತುಪ್ಪ ಹಾಕಿ ನನ್ನ ಮುಂದಿಟ್ಟಳು. ಹತ್ತು ವರ್ಷ ತುಂಬುತ್ತಿದ್ದ ಮಂಗಳ ಹೊಸ ಲಂಗ ಹರಡಿಕೊಂಡು ಪಕ್ಕದಲ್ಲಿ ಕೂತಳು. ಗಂಗಣ್ಣ ಕಂಬಕ್ಕೊರಗಿ ಕೂತಿದ್ದವನು ಇದ್ದಕ್ಕಿದ್ದ ಹಾಗೆ ಕೇಳಿದ.

"ಮೇಡಂ, ಅವತ್ತು ಮ್ಯಾನೇಜರ್ ಕೈಲಿದ್ದ ಕಾಗ್ದ, ನೀವು ಬರ್ದಿದ್ದು. ಅದ್ರಾಗೆ ಏನೈತೆ? ನಮ್ ಇಸ್ಯ ಏನ್ ಬರ್ದಿದ್ರಿ ಅಂತ ಒಂದ್ ಸರ್ತಿ ಓದೇಳ್ತೀರಾ?"

ನಾನು ಹಾಳೆ ತೆಗೆದೆ. ಒಂದೊಂದು ಸಾಲನ್ನೂ ಕನ್ನಡಕ್ಕೆ ಹೇಳುತ್ತ ಹೋದೆ. ಬಿಸಿಲು ಬಿದ್ದಾಗ ಬಾಗಿಲು ಹೊತ್ತಿಕೊಂಡಂತೆ ಕಂಡದ್ದು, ಚಿಗುರಿನ ಬಣ್ಣ. ಇಬ್ಬರೂ ಕತ್ತು ಮುಂದೆ ಮಾಡಿ ಕೇಳುತ್ತಿದ್ದರು. ಜಯಮ್ಮನ ಮುಖದಲ್ಲಿ ನಾಚಿಕೆಯ ನಗುವಿತ್ತು. ಆಮೇಲೆ ಆ ಸಾಲು ಬಂತು. ಅದನ್ನು ಬಿಟ್ಟು ಮುಂದಕ್ಕೆ ಹೋಗಬಹುದಿತ್ತು. ಅಲ್ಲೇ ಬೇರೆ ಏನಾದರೂ ಸೇರಿಸಿ ಹೇಳಿಬಿಡಬಹುದಿತ್ತು, ಆ ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"'ಇವರು ಒಂಬತ್ತು ವರ್ಷದಿಂದ ಕಾರ್ಖಾನೆಯಿಂದ ಹಿತ್ತಾಳೆ ಸಂಗ್ರಹ ಮಾಡ್ತಾ ಬಂದಿದ್ದಾರೆ' ಅಂತ ಬರೆದಿದೀನಿ."

ಜಯಮ್ಮನ ನಗು ಹೋಯಿತು.

"ಇದನ್ನ ಯಾರೂ ತಿರುಚಿಲ್ಲ. ನಾನೇ ಬರೆದಿದ್ದು. ಇಂಗ್ಲಿಷಲ್ಲಿ ಚೆನ್ನಾಗಿ ಕಾಣತ್ತೆ ಅಂತ ಬರೆದೆ, ಹಿಂಗೂ ಅರ್ಥ ಆಗತ್ತೆ ಅಂತ ಯೋಚನೆ ಮಾಡ್ಲಿಲ್ಲ. ಈ ಸಾಲಿಂದಲೇ ನೋಟಿಸ್ ಬಂದಿದ್ದು. ಆ ನೋಟಿಸ್ ಟೈಪ್ ಮಾಡಿದ್ದೂ ನಾನೇ. ಅವತ್ತು ವಿಚಾರಣೇಲಿ ತಪ್ಪು ನಂದು ಅಂತ ಹೇಳ್ಬೇಕಿತ್ತು. ಕೆಲಸ ಹೋಗತ್ತೆ ಅಂತ ಹೆದರಿಕೊಂಡು ಸುಮ್ಮನಿದ್ದೆ."

ಮಂಗಳ ಅಪ್ಪನ ಮುಖ, ಅವ್ವನ ಮುಖ ನೋಡಿದಳು. ಗಂಗಣ್ಣ ನೆಲದ ಮೇಲೆ ಬೆರಳಿಂದ ಏನೋ ಗೀಚುತ್ತಿದ್ದ.

"ನಾಕ್ ದಿನ ಈ ಮನುಸ ಅನ್ನ ಮುಟ್ಲಿಲ್ಲ" ಎಂದಳು ಜಯಮ್ಮ. "ಊರೋರೆಲ್ಲ ಗಂಗಣ್ಣ ಕದ್ದವ್ನೆ ಅಂದ್ರು. ಈ ಒಂದ್ ಗೆರೆಗಾ?"

"ಹೌದು."

ಅವಳು ಎದ್ದು ಒಳಗೆ ಹೋದಳು. ನನಗೆ ಎದ್ದು ಹೊರಟುಬಿಡಬೇಕು ಅನ್ನಿಸಿತು. ಎಲೆಯ ಮೇಲಿನ ಒಬ್ಬಟ್ಟು ಹಾಗೇ ಇತ್ತು. ಅವಳು ಮಗಳ ನಾಲ್ಕು ಗೆರೆಯ ಕಾಪಿ ಪುಸ್ತಕ ತಂದು, ಒಂದು ಹಾಳೆ ಹರಿದು, ಪೆನ್ನಿನ ಜೊತೆ ನನ್ನ ಮುಂದಿಟ್ಟಳು.

"ಬರೀರಿ. ನಂಗೂ ಓದಕ್ಕೆ ಬರಂಗೆ ಬರೀರಿ."

"ಏನಂತ ಬರೀಲಿ?"

"ಎಂಗ್ ಆಯ್ತೋ ಅಂಗೆ."

ಬರೆದೆ. ಗಂಡನ ಕೆಲಸದ ಬಟ್ಟೆಗೆ ಅಂಟಿ ಬಂದ ಚೂರು. ಮಗಳ ಕಾಲಿಗೆ ಚುಚ್ಚದಿರಲಿ ಎಂದು ಹಿಟ್ಟಿನ ಉಂಡೆಯಲ್ಲಿ ಆರಿಸಿದ್ದು. ಬೇರೆ ಮಕ್ಕಳಿಗೆ ಚುಚ್ಚದಿರಲಿ ಎಂದು ಎಸೆಯದೆ ಇಟ್ಟದ್ದು. ಮೊದಲಿನ ವರದಿಯಲ್ಲಿ ನಾನು ಬರೆದ ಸಾಲು ತಪ್ಪು. ಜಯಮ್ಮ ಹಾಳೆ ತೆಗೆದುಕೊಂಡು, ತುಟಿ ಅಲ್ಲಾಡಿಸುತ್ತ, ಬೆರಳಿಟ್ಟು ಓದಿದಳು. ಎರಡು ಸಲ ಓದಿದಳು.

"ಕೆಳಗೆ ನಿಮ್ಮೆಸ್ರು ಆಕಿ" ಎಂದಳು.

ಹಾಕಿದೆ. ಆಗ ಅವಳು ಹಾಳೆಯನ್ನು ಮಡಚಿ ನನ್ನ ಬ್ಯಾಗಿನ ಮೇಲಿಟ್ಟಳು. ನನ್ನ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿ, "ತಣ್ಣಗಾತದೆ, ತಿನ್ನಿ" ಎಂದಳು. ಧ್ವನಿಯಲ್ಲಿ ಬಿಸಿ ಇನ್ನೂ ಇತ್ತು. ಆದರೂ ತಿಂದೆ.

ರಜೆ ಮುಗಿದ ಮೇಲೆ ಆ ಹಾಳೆಯನ್ನು ಪ್ರಭಾಕರ್ ಸಾರ್ ಮುಂದಿಟ್ಟು, ಇದನ್ನು ಗಂಗಣ್ಣನ ಫೈಲಿಗೆ ಸೇರಿಸಬೇಕು ಎಂದೆ. ಮೊದಲಿನ ವರದಿ ಅಲ್ಲಿ ಇರುವ ತನಕ ಇದೂ ಇರಬೇಕು. ಅವರು ಓದಿ, ಕನ್ನಡಕ ತೆಗೆದು, "ಯೋಚನೆ ಮಾಡಿದೀಯಾ?" ಎಂದರು. ಮಾಡಿದೀನಿ ಸಾರ್ ಎಂದೆ. ಅವರು ಹಾಳೆಯ ಮೂಲೆಗೆ ಸೀಲ್ ಒತ್ತಿ ಮ್ಯಾನೇಜರಿಗೆ ಕಳಿಸಿದರು. ನನ್ನ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು. ಅಕ್ಕ ಬೈದಳು. ಅವ್ವನಿಗೆ ಕಾಗದ ಬರೆದು ಕಾರಣವನ್ನೂ ತಿಳಿಸಿದೆ.

ಗಂಗಣ್ಣ ತನ್ನ ಲೇತಿನ ಮುಂದೆ ಮತ್ತೆ ನಿಂತ. ಸೋಪಿನ ಪಟ್ಟಿ ಹಿಡಿದು ನಾನು ಶಾಪ್ ಒಳಗೆ ಹೋಗುವ ದಿನಗಳಲ್ಲಿ ಅವನ ಹತ್ತಿರ ಬಂದಾಗ ತಲೆ ತಗ್ಗಿಸಿ ಬೇಗ ದಾಟಿಬಿಡುತ್ತಿದ್ದೆ. ಮೇ ತಿಂಗಳ ಒಂದು ಬೆಳಿಗ್ಗೆ ಹಾಗೆ ದಾಟುತ್ತಿದ್ದಾಗ ಹಿಂದಿನಿಂದ ಲೇತಿನ ಸದ್ದು ನಿಂತಿತು. ಯಂತ್ರ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ ಅವನು ಕೂಗಿದ.

"ಮೇಡಂ, ಸೀರೆ ಸ್ವಲ್ಪ ಎತ್ತಿ ಇಡ್ಕಂಡು ಓಗಿ. ಅಂಚಿಗೆ ಚೂರು ಅಂಟ್ಕತ್ತದೆ."